ನೀರು ಕುಡಿಯಿರಿ, ಆದರೆ ಎಲ್ಲಿಗೂ ಹೋಗಬೇಡಿ

ಬೆಳಗೋಡಿನ ಒಂದು ಸಭಾಭವನ. ವೇದಿಕೆಯ ಮೇಲೆ ಪಟ್ಟಣದಿಂದ ಬಂದ ಆಹಾರತಜ್ಞೆ, ಪಕ್ಕದಲ್ಲಿ ಕಾರ್ಯಕ್ರಮದ ಸಂಘಟಕರು, ಕೊನೆಯ ಕುರ್ಚಿಯಲ್ಲಿ ವಂದನಾರ್ಪಣೆಗೆಂದು ಕೂರಿಸಿದ್ದ ನಾನು. ಕೆಳಗೆ ಸುತ್ತಲಿನ ಎಸ್ಟೇಟುಗಳ ಹೆಂಗಸರು. ಕಾಫಿ ಕುಯ್ಲಿನ ಕಾಲ. ಆದರೂ ಆಶಾ ಕಾರ್ಯಕರ್ತೆ ಕಮಲಾಕ್ಷಿ ಮನೆಮನೆಗೆ ಹೋಗಿ ಕಾಡಿ ಬೇಡಿ ಅವರನ್ನು ಜೀಪು ಹತ್ತಿಸಿದ್ದಳು. ವಿಷಯ: ಕಾಯಿಲೆ ಬಾರದಂತೆ ಬದುಕುವುದು ಹೇಗೆ?

ಆಹಾರತಜ್ಞೆ ಚೆನ್ನಾಗಿಯೇ ಮಾತಾಡಿದರು. ಉಪ್ಪು ಕಡಿಮೆ ಮಾಡಿ, ಸೊಪ್ಪು ತಿನ್ನಿ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ. (ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಹತ್ತಿಳಿಯುವವರಿಗೆ ವಾಕಿಂಗ್! ಇರಲಿ.) ಆಮೇಲೆ ನೀರಿನ ವಿಷಯಕ್ಕೆ ಬಂದರು.

"ದಿನಕ್ಕೆ ಮೂರು ಲೀಟರ್ ಕುಡಿಯಬೇಕು. ನೀರು ಕುಡಿಯೋಕೂ ಸೋಮಾರಿತನ ಮಾಡಿದ್ರೆ ಹೇಗಮ್ಮಾ?"

ಎರಡನೇ ಸಾಲಿನಲ್ಲಿ ಗೌರಮ್ಮ ಎದ್ದು ನಿಂತಳು. ಕಾಫಿ ಹಣ್ಣು ಕುಯ್ಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಮೂತ್ರದ ಸೋಂಕಿನಿಂದ ಜ್ವರ ಬಂದು ಎರಡು ಸಲ ಆಸ್ಪತ್ರೆಯಲ್ಲಿ ಮಲಗಿದವಳು. ಮತ್ತೆ ಮತ್ತೆ ಹೀಗಾದರೆ ಕಿಡ್ನಿಗೇ ಕುತ್ತು ಎಂದು ಡಾಕ್ಟರು ಎಚ್ಚರಿಸಿದ್ದಾರಂತೆ.

"ಕುಡಿತೀವಿ ಮೇಡಂ. ಕುಡುದ್ಮೇಲೆ ಎಲ್ಲಿಗೆ ಹೋಗಾನ?"

ಕಿಸಕ್ಕೆಂದು ಯಾರೋ ನಕ್ಕರು. ಗೌರಮ್ಮ ನಗಲಿಲ್ಲ.

"ನಾವು ಕುಯ್ಯೋ ತಾವ ಕಕ್ಕಸ್ಸಿಲ್ಲ. ಪೊದೆ ಮರೆಗೆ ಹೋಗಾನ ಅಂದ್ರೆ ಆನೆ ಭಯ. ಈಚೆ ಕಡೆ ಗಂಡಸ್ರು ಇರ್ತಾರೆ."

"ಆನೆನಾರ ವಾಸಿ ಕಣಕ್ಕ, ಕೊಂಬೆ ಮುರ್ಕಂಡು ಬತ್ತದೆ, ಗೊತ್ತಾಯ್ತದೆ!" ಹಿಂದಿನಿಂದ ಒಂದು ದನಿ. ಈಗ ಇಡೀ ಸಭೆಯೇ ನಕ್ಕಿತು.

ಸಂಘಟಕರು ಮೈಕ್ ತೆಗೆದುಕೊಂಡರು. "ಅಮ್ಮಾ, ಅದು ಇವತ್ತಿನ ಸಬ್ಜೆಕ್ಟ್ ಅಲ್ಲ. ಕೊನೇಲಿ ಪ್ರಶ್ನೋತ್ತರ ಇದೆ, ಆಗ ಕೇಳಿ."

ಕೊನೆಯಲ್ಲಿ ಇದ್ದದ್ದು ಗ್ರೂಪ್ ಫೋಟೋ. ನಾನು? ನಾನು ಎಲ್ಲರನ್ನೂ ವಂದಿಸಿ ಕೂತೆ.

ಉಪ್ಪಿಟ್ಟಿನ ಹೊತ್ತಿಗೆ ಗೌರಮ್ಮನ ಪಕ್ಕ ಹೋಗಿ ಕೂತೆ. ಲೋಟದ ನೀರು ಮುಟ್ಟಿರಲಿಲ್ಲ. "ಮಧ್ಯಾಹ್ನ ಮತ್ತೆ ತೋಟಕ್ಕೆ ಹೋಗ್ಬೇಕಲ್ಲಕ್ಕ" ಎಂದಳು. ಸೆರಗಿನ ಗಂಟು ಬಿಚ್ಚಿ ಒಂದು ನೆಲ್ಲಿಕಾಯಿ ತೋರಿಸಿದಳು. ಬಾಯಾರಿದರೆ ಅದನ್ನು ದವಡೆಗಿಟ್ಟುಕೊಳ್ಳಬೇಕು, ಸಂಜೆಯವರೆಗೆ ತಡೆಯುತ್ತದೆ. ಮದುವೆಯಾಗಿ ಬಂದ ಮೊದಲ ಕುಯ್ಲಿಗೆ ಅತ್ತೆ ಹೇಳಿಕೊಟ್ಟದ್ದಂತೆ. ಆ ಅತ್ತೆಗೆ ಅವಳ ಅತ್ತೆ.

ಕೇಳಿ ನನಗೆ ಮೈ ಉರಿಯಿತು. ಹಣ್ಣು ಹೇಗೆ ಕುಯ್ಯಬೇಕು ಎನ್ನುವುದಕ್ಕಿಂತ ಮೊದಲು, ನೀರು ಹೇಗೆ ಕುಡಿಯಬಾರದು ಎಂದು ಸೊಸೆಗೆ ಕಲಿಸುವ ಊರು ನಮ್ಮದು! ಇಂಥ ಊರಿನಲ್ಲಿ ನಾವು ಬ್ಯಾನರ್ ಕಟ್ಟಿ 'ಸೋಮಾರಿತನ' ಎನ್ನುತ್ತೇವೆ. ಕೈ ಕಟ್ಟಿಹಾಕಿ ಎಲೆ ಮುಂದೆ ಕೂರಿಸಿ, "ಯಾಕೆ ಉಣ್ಣಲ್ಲ?" ಎಂದು ಗದರಿದ ಹಾಗೆ.

ಆಮೇಲೆ ಇನ್ನೊಂದು ರಾಗ: ಆರೋಗ್ಯದ ಕಾರ್ಯಕ್ರಮಗಳಿಗೆ ಹೆಂಗಸರು ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ. ಬಿಟ್ಟಳಲ್ಲ ಸ್ವಾಮಿ ಒಬ್ಬಳು! ಅವಳನ್ನು ಕೂರಿಸಿದವರು ಯಾರು? ರಿಜಿಸ್ಟರಿನಲ್ಲಿ ಸಹಿ ಬಿದ್ದರೆ ಪಾಲ್ಗೊಂಡಂತೆ, ಪ್ರಶ್ನೆ ಕೇಳಿದರೆ ಅಡ್ಡಿ ಮಾಡಿದಂತೆ. ಇದು ಯಾವ ಸೀಮೆಯ ಲೆಕ್ಕ? ಕಾಫಿ ಒಣಗಿಸಲು ಸಿಮೆಂಟಿನ ಕಣ ಬೇಕು, ಗೊಬ್ಬರ ಇಡಲು ಶೆಡ್ ಬೇಕು. ದಿನವಿಡೀ ದುಡಿಯುವ ಹೆಂಗಸಿಗೆ ನಾಲ್ಕು ತಗಡಿನ ಮರೆ ಬೇಡವೇ?

ಹತ್ತು ದಿನ ಕಳೆದು ಕಮಲಾಕ್ಷಿ ಫೋನ್ ಮಾಡಿದಳು. ಗೌರಮ್ಮನ ಗುಂಪಿನ ಒಂಬತ್ತು ಹೆಂಗಸರು ಅಂದು ಮನೆಯಿಂದಲೇ ಬಾಟಲಿ ತುಂಬಿಕೊಂಡು ಹೋಗಿದ್ದಾರೆ. ಕುಯ್ಯುತ್ತಾ ಕುಯ್ಯುತ್ತಾ ಖಾಲಿ ಮಾಡಿದ್ದಾರೆ. ಹನ್ನೊಂದರ ಹೊತ್ತಿಗೆ ಸೊಂಟದ ಚೀಲ ಬಿಚ್ಚಿಟ್ಟು, ಸಾಲಾಗಿ ಮಾಲೀಕರ ಬಂಗಲೆಗೆ ನಡೆದಿದ್ದಾರೆ.

"ಏನ್ರವ್ವಾ ಇದು, ದಂಡು ಕಟ್ಕಂಡು ಬಂದ್ಬುಟ್ರಿ?" ಮಾಲೀಕರು ಜಗಲಿಯಿಂದ ಎದ್ದರಂತೆ.

"ನೀರು ಕುಡುದಿದೀವಿ ಸಾವ್ಕಾರ್ರೆ" ಅಂದಳಂತೆ ಗೌರಮ್ಮ.

ಅವರಿಗೆ ಅರ್ಥವಾಗಲಿಲ್ಲ. ಅವರ ಹೆಂಡತಿಗೆ ಆಯಿತು. ಒಳಗಿನಿಂದ ಬಂದು ಬಚ್ಚಲುಮನೆಯ ಬಾಗಿಲು ತೆಗೆದರು. ಮೊದಲು ಗೌರಮ್ಮ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಬಂದು, ಮತ್ತೆ ಕುಯ್ಲಿಗೆ ನಿಂತರು.

ಎರಡು ಗಂಟೆಗೆ ಒಂಬತ್ತೂ ಜನ ಮತ್ತೆ ಬಂದರು.