ಎದುರು ಮನೆ ತಾತ ಸಾಯುತ್ತಿದ್ದ ರೀತಿ

ಮೊನ್ನೆ ಕಾಲೇಜಿನ ನಾಟಕಕ್ಕೆ ಅಂಟು ಮೀಸೆ ಹಚ್ಚಿಕೊಂಡೆ. ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಪಾರ್ಟಿನ ಮಾತೆಲ್ಲ ಮರೆತುಹೋಗಿ ಎದುರು ಮನೆಯ ತಾತ ನೆನಪಾದ…

ತಾತ ಸಾಯುವುದರಲ್ಲಿ ಎತ್ತಿದ ಕೈ. ದೇವದುರ್ಗದಿಂದ ಮಾನ್ವಿಯವರೆಗೆ ಯಾವ ಊರಲ್ಲಿ ನಾಟಕವಾದರೂ ಖಳನಾಯಕ ಅವನೇ. ಚೂರಿ ಬಿತ್ತೆಂದರೆ ಸ್ಟೇಜ್ ತುಂಬ ಉರುಳಿ, ಹಾರ್ಮೋನಿಯಂ ಮಾಸ್ತರರ ತೊಡೆಗೆ ಒರಗಿ, ಹಾಡು ಮುಗಿಸಿಯೇ ಪ್ರಾಣ ಬಿಡುತ್ತಿದ್ದ. ಮಂದಿ "ಒನ್ಸ್ ಮೋರ್" ಎಂದರೆ ಎದ್ದು ಕೈಮುಗಿದು ಮತ್ತೆ ಮೊದಲಿಂದ ಸಾಯಬೇಕು, ನಮ್ಮ ಕಡೆ ಅದೇ ಪದ್ಧತಿ. ಮಾನ್ವಿಯಲ್ಲಿ ಕೊಂದು ಕೊಂದು ನಾಯಕನ ಕೈ ಸೋತು, ಹೆಣವೇ ಎದ್ದು ಅವನಿಗೆ ಚಹಾ ತರಿಸಿತಂತೆ.

"ಇವ್ನ ಸಾವು ನನಗೇನ್ ಹೇಳ್ತೀರಿ? ನೀರು ತುಂಬು ಅಂದ್ರ ಸಾಕು, ಕೊಡದ ಮುಂದನ ಸಾಯ್ತಾನ" ಎನ್ನುತ್ತಿದ್ದಳು ಅವನ ಹೆಂಡತಿ, ನಮ್ಮೆಲ್ಲರ ಅಜ್ಜಿ.

ತಾತನಿಗಿದ್ದದ್ದು ಒಂದೇ ಆಸೆ: ಸಿನಿಮಾ ಪರದೆಯ ಮೇಲೆ ತನ್ನ ಮುಖವನ್ನು ಓಣಿಯವರೆಲ್ಲ ನೋಡಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ದೇವಸುಗೂರಿನ ಹೊಳೆ ದಂಡೆಗೆ ಶೂಟಿಂಗಿನವರು ಬಂದರು. ತಾತನಿಗೆ ದರೋಡೆಕೋರನ ಪಾರ್ಟು ಸಿಕ್ಕಿತು. ಗುಂಡು ತಿಂದು ಅದ್ಭುತವಾಗಿ ಬಿದ್ದ. ನೋಡಲು ನೆರೆದಿದ್ದ ಮಂದಿ ತಡೆಯಲಾರದೆ "ಒನ್ಸ್ ಮೋರ್!" ಎಂದರು. ಕ್ಯಾಮೆರಾ ಓಡುತ್ತಲೇ ಇತ್ತು. ಹೆಣ ಎದ್ದು ಕೈಮುಗಿಯಿತು.

ಡೈರೆಕ್ಟರು ಟೋಪಿ ತೆಗೆದು ನೆಲಕ್ಕೆ ಬಡಿದರಂತೆ.

ಸಿನಿಮಾ ರಾಯಚೂರಿನ ಟಾಕೀಸಿಗೆ ಬಂದಾಗ ಇಡೀ ಓಣಿ ಆಟೋ ಹತ್ತಿತು. ತಾತ ಇಸ್ತ್ರಿ ಅಂಗಿ ತೊಟ್ಟು, ಅಂಟು ಮೀಸೆಯನ್ನೂ ಹಚ್ಚಿಕೊಂಡು ಬಂದಿದ್ದ. ಗುಂಡಿನ ಸದ್ದಾಯಿತು. ಪರದೆಯ ಮೇಲೆ ಒಂದು ಬೆನ್ನು ಬಿತ್ತು. ಅಷ್ಟೇ…

"ತಾತಾ, ನಿನ್ನ ಮಾರಿ ಎಲ್ಲದ?" ಎಂದೆ.

"ಎದ್ದಿದ್ದಕ್ಕ ಕತ್ತರಿ ಹಾಕ್ಯಾರಪ್ಪಾ" ಎಂದ. ಸ್ಟೇಜು ನಡುಗಿಸುತ್ತಿದ್ದ ದನಿ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಇಂಟರ್ವಲ್ ದೀಪ ಹತ್ತಿತು. ನಾನು ಸುಮ್ಮನಿರುವ ಪೈಕಿಯೇ? "ಒನ್ಸ್ ಮೋರ್!" ಎಂದು ಕಿರುಚಿದೆ. ಓಣಿಯೆಲ್ಲ ದನಿಗೂಡಿಸಿತು. ತಾತ ಮೆಲ್ಲಗೆ ಎದ್ದ, ಪರದೆಯ ಮುಂದೆ ಹೋಗಿ ನಿಂತ, ಎದೆ ಹಿಡಿದುಕೊಂಡ. ಎಂಥಾ ಸಾವು ಅದು! ಶೇಂಗಾ ಮಾರುವವನು ಬುಟ್ಟಿ ಇಳಿಸಿ ಅತ್ತ. ಸಿನಿಮಾ ಮತ್ತೆ ಶುರುವಾದರೂ ಯಾರೂ ಅದನ್ನು ನೋಡಲಿಲ್ಲ. ತಾತನ ಮುಖವನ್ನೇ ನೋಡಿದರು.

ಹೋದ ವರ್ಷ ತಾತ ಹಾಡಿಲ್ಲದೆ, ಉರುಳಾಟವಿಲ್ಲದೆ, ಮಲಗಿದಲ್ಲೇ ಹೋದ. ಅಜ್ಜಿ ನನ್ನ ಕೈ ಹಿಡಿದು, "ಒಮ್ಮಿ ಕೂಗಲೇ… ನೀ ಕೂಗಿದ್ರ ಎದ್ದಾನು" ಎಂದಳು.

ಬಾಯಿ ತೆರೆದೆ. ದನಿ ಬರಲಿಲ್ಲ…

ಮೊನ್ನೆಯ ನಾಟಕದಲ್ಲಿ ನಾನೂ ಸಾಯಬೇಕಿತ್ತು. ಮೀಸೆ ಅರ್ಧ ಕಿತ್ತು ಜೋತಾಡುತ್ತಿದ್ದರೂ ಉರುಳಿ ಉರುಳಿ ಸತ್ತೆ. ಯಾರೂ ಒನ್ಸ್ ಮೋರ್ ಅನ್ನಲಿಲ್ಲ. ಆದರೂ ಎದ್ದೆ, ಕೈಮುಗಿದೆ, ಇನ್ನೊಮ್ಮೆ ಸತ್ತೆ. ಪ್ರಿನ್ಸಿಪಾಲರು ಇನ್ನೂ ಬೈಯುತ್ತಿದ್ದಾರೆ. ಬೈಯಲಿ. ಆ ಎರಡನೇ ಸಾವು ತಾತನಿಗೆ.