ಸಿಂಗಾರಿಗೊಂದು ಜೊತೆ

ನಮ್ಮ ಸಿಂಗಾರಿ ನಿನ್ನೆಯಿಂದ ಬೀರುವಿನ ಮೇಲಿದ್ದಾಳೆ. ಅಲ್ಲಿ ಹಳೆಯ ಸೂಟ್‌ಕೇಸಿಗೂ ಗೋಡೆಗೂ ನಡುವೆ ಒಂದು ಸಂದಿಯಿದೆ. ಅದರೊಳಗಿಂದ ಅವಳ ಮುಖವಷ್ಟೇ ಕಾಣುತ್ತದೆ. ಕೆಳಗೆ ಒಂದು ಸ್ಟೀಲಿನ ತಟ್ಟೆ, ತಟ್ಟೆಯ ಮುಂದೆ ಒಂದು ಬಿಳಿ ಮರಿ. ಮರಿ ತನ್ನ ಪಾಲಿನ ಹಾಲು ಕುಡಿದು, ಸಿಂಗಾರಿಯ ಪಾಲನ್ನೂ ಮುಗಿಸಿ, ಈಗ ನನ್ನ ಚಪ್ಪಲಿಯ ಜೊತೆ ಜಗಳಕ್ಕೆ ನಿಂತಿದೆ. ಸಿಂಗಾರಿ ಮರಿಯ ಕಡೆ ನೋಡುತ್ತಲೂ ಇಲ್ಲ. ಅವಳು ನೋಡುತ್ತಿರುವುದು ನನ್ನನ್ನು. ಬೆಕ್ಕು ಸಾಕಿದವರಿಗೆ ಆ ನೋಟ ಗೊತ್ತು. ಸಾಕದವರು, ಎಲೆ ಮುಂದೆ ಕೂತ ಮೇಲೆ ಯಾರೋ ಎಬ್ಬಿಸಿದ ನೆಂಟರ ಮುಖವನ್ನು ನೆನೆಸಿಕೊಂಡರೆ ಸಾಕು.

ಮರಿಯನ್ನು ತಂದವಳು ನನ್ನ ಅಕ್ಕ. ಬೆಸಗರಹಳ್ಳಿಯಿಂದ ಮದ್ದೂರಿಗೆ, ಮದ್ದೂರಿಂದ ಮಂಡ್ಯಕ್ಕೆ ಎರಡು ಬಸ್ಸು ಹತ್ತಿ, ಬುಟ್ಟಿಗೆ ಹಳೇ ಪಂಚೆ ಬಿಗಿದು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

“ನಿನ್ ಬೆಕ್ಕು ಒಂದೇ ಕೂತು ಕೂತು ಮಂಕಾಗೋಗದೆ ಕಣ್ಲಾ. ಜೊತೆಗೊಂದಿರ್ಲಿ. ಒಂದೇ ತಟ್ಟೇಲಿ ಇಕ್ಕು, ತಾವೇ ಒಂದ್ಕತವೆ” ಎಂದಳು. ಆಮೇಲೆ ಕಾಫಿ ಲೋಟ ಹಿಡಿದು, ನನ್ನ ಒಂದೇ ಕುರ್ಚಿ, ಒಂದೇ ಮಂಚವನ್ನು ಕಣ್ಣಿನಲ್ಲೇ ಸವರಿ, “ಮಳವಳ್ಳಿ ಕಡೆ ಒಂದ್ ಎಣ್ಣದೆ. ಪಾಪ, ಗಂಡ ಇಲ್ಲ, ಮಕ್ಳಿಲ್ಲ. ಒಳ್ಳೇ ಗುಣ. ಬರೋ ಭಾನ್ವಾರ ಬತ್ತೀವಿ ಅಂತ ಯೋಳಿವ್ನಿ” ಎಂದಳು. ಬೆಕ್ಕಿನ ಜೊತೆಯ ಮಾತು ಎಲ್ಲಿ ಮುಗಿಯಿತು, ನನ್ನ ಜೊತೆಯ ಮಾತು ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ನಾನು ವಾಡಿಕೆಯಂತೆ “ನೋಡಣ ಬುಡಕ್ಕ” ಎಂದೆ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡಬೇಕು. ಐವತ್ತರ ಹತ್ತಿರ ಬಂದಿರುವ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಒಂಟಿ ಗಂಡಸು ನಾನು. ನಮ್ಮ ಕಡೆ ಈಗ ಹೆಣ್ಣು ಸಿಗದೆ ಕೂತ ಗಂಡುಗಳು ಬೀದಿಗೊಬ್ಬರಾದರೂ ಇದ್ದಾರೆ. ಊರಿನವರು ನನ್ನನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ನಾನೂ ತಕರಾರು ಮಾಡಲಿಲ್ಲ. “ಯಾಕ್ ಸಾ, ಮದ್ವೆ ಆಗ್ಲಿಲ್ಲ?” ಎಂದು ಕೇಳಿದವರಿಗೆ “ಹೆಣ್ಣು ಸಿಗಲಿಲ್ಲ” ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಅಯ್ಯೋ ಪಾಪ ಎಂದು ಕಾಫಿಯನ್ನೂ ಕೊಡಿಸುತ್ತಾರೆ. “ನನಗೆ ಬೇಕಿರಲಿಲ್ಲ” ಎಂದು ನೋಡಿ, ಮಾತು ಅಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಇಷ್ಟು ವರ್ಷ ಕಾಫಿ ಕುಡಿದುಕೊಂಡೇ ಬಂದಿದ್ದೇನೆ.

ಇರಲಿ, ಬೀರುವಿನ ಮೇಲಿನ ಆ ನೋಟಕ್ಕೆ ಬರುತ್ತೇನೆ. ಅದನ್ನು ನಾನು ಹಿಂದೆಯೂ ಒಮ್ಮೆ ನೋಡಿದ್ದೆ, ಪೂರಿಗಾಲಿಯಲ್ಲಿ, ಅತ್ತೆಯ ಬೆಕ್ಕು ಕೆಂಚನ ಮುಖದಲ್ಲಿ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತುಂಡು ಗದ್ದೆ, ಎರಡಂಕಣದ ಮನೆ, ಒಂದು ಬೆಕ್ಕು, ಇಷ್ಟರಲ್ಲೇ ಇದ್ದಳು. ಅವಳು ಮುದ್ದೆ ಕಟ್ಟಿ ಮೊದಲ ತುತ್ತನ್ನು ಸಾರಿನಲ್ಲಿ ಅದ್ದಿ ಒಲೆಯ ಪಕ್ಕ ಇಡುವಳು. ಕೆಂಚ ಅದು ಆರುವವರೆಗೂ ಕಾದು ಕೂತಿರುವನು. ರಜೆಗೆ ಹೋದಾಗ ನಾನು ಅವರಿಬ್ಬರ ಪಕ್ಕ ಕೂತು ಉಣ್ಣುತ್ತಿದ್ದೆ. ಗಂಟೆಗಟ್ಟಲೆ ಆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಅಷ್ಟು ನೆಮ್ಮದಿಯ ಮನೆಯನ್ನು ನಾನು ಆಮೇಲೆ ನೋಡಿಲ್ಲ.

ಅಪ್ಪನಿಗೆ ಅದು ನೆಮ್ಮದಿಯಾಗಿ ಕಾಣಲಿಲ್ಲ. ಅಪ್ಪ ಎತ್ತಿನ ಮನುಷ್ಯ. ಜೋಡಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಬಣ್ಣ, ಎತ್ತರ, ಕೊಂಬು ನೋಡಿ ಎಲ್ಲಿಂದಲೋ ಎರಡನ್ನು ತಂದು ಒಂದೇ ಗೊಂತಿನಲ್ಲಿ ಕಟ್ಟಿ ಒಂದೇ ಕಡೆ ಹುಲ್ಲು ಹಾಕುವನು. ಮೊದಮೊದಲು ಹಾಯುತ್ತವೆ, ಬುಸುಗುಟ್ಟುತ್ತವೆ. ಆಮೇಲೆ ಒಂದರ ಕತ್ತನ್ನು ಇನ್ನೊಂದು ನೆಕ್ಕುತ್ತದೆ. ನೊಗ ಕಂಡವನ ಕಣ್ಣಿಗೆ ಒಂಟಿ ಎತ್ತು ಅರೆಬರೆ ಪ್ರಾಣಿ. ಕೆಂಚನೂ ಹಾಗೇ ಕಂಡ. ತನ್ನ ಅಕ್ಕನೂ ಹಾಗೇ ಕಂಡಿರಬೇಕು. ಅವಳನ್ನು ಮದ್ದೂರಿನ ನಮ್ಮ ಮನೆಗೆ ಕರೆತಂದು ಇಟ್ಟುಕೊಳ್ಳಬೇಕೆಂದು ಅವನಿಗೆ ಬಹಳ ಆಸೆ.

ಹಾಗೆ ನಾನು ರಜೆಗೆ ಹೋಗಿದ್ದಾಗ ಒಂದು ದಿನ ಅಪ್ಪ ಆಲೆಮನೆಯಿಂದ ಒಂದು ಗಂಡು ಬೆಕ್ಕನ್ನು ಗೋಣಿಚೀಲದಲ್ಲಿ ತಂದ. ಬೆಲ್ಲದ ಪಾಕದ ವಾಸನೆ ಹೊಡೆಯುತ್ತಿದ್ದ ಭಾರಿ ಆಸಾಮಿ ಅದು. ಎರಡನ್ನೂ ಕೊಟ್ಟಿಗೆಗೆ ಬಿಟ್ಟು, ಒಂದೇ ತಟ್ಟೆಯಲ್ಲಿ ಹಾಲನ್ನ ಇಟ್ಟು, ಬಾಗಿಲು ಹಾಕಿ, ಜಗಲಿಯ ಮೇಲೆ ಬೀಡಿ ಹಚ್ಚಿ ಕೂತ. ಒಳಗೆ ಎದ್ದ ಸದ್ದನ್ನು ನಾನು ಬರೆಯಲಾರೆ. “ಮೊದ್ಲು ಅಂಗೇಯ” ಎಂದ ಅಪ್ಪ. ಅಷ್ಟರಲ್ಲಿ ಕೆಂಚ ಹೆಂಚು ಸರಿಸಿಕೊಂಡು ಮೇಲೆ ಬಂದ. ಕಿವಿ ಹರಿದು ರಕ್ತ ಸುರಿಯುತ್ತಿತ್ತು. ಸೂರಿನ ತುದಿಯಲ್ಲಿ ನಿಂತು ನಮ್ಮ ಮೂವರನ್ನೂ ಒಂದು ಸಲ ನೋಡಿ ಕಬ್ಬಿನ ಗದ್ದೆಗೆ ನೆಗೆದುಬಿಟ್ಟ.

ಕೆಂಚ ಮನೆಗೆ ಬರಲಿಲ್ಲ. ಅತ್ತೆ ಬೆಳಗಾದರೆ ಕಬ್ಬಿನ ಬದುವಿನ ಮೇಲೆ ಹಾಲಿಟ್ಟು ಬರುವಳು. ಹಾಲು ಖಾಲಿಯಾಗುತ್ತಿತ್ತು, ಬೆಕ್ಕು ಕಾಣುತ್ತಿರಲಿಲ್ಲ. ಒಲೆಯ ಪಕ್ಕ ಇಟ್ಟ ತುತ್ತು ಆರಿ ಗಟ್ಟಿಯಾಗಿ ಅಲ್ಲೇ ಉಳಿಯುತ್ತಿತ್ತು. ಆ ವಾರದ ಕೊನೆಗೆ ಅಪ್ಪ ಮತ್ತೆ ಬಂದಾಗ ಗೋಣಿಚೀಲ ಬಾಗಿಲಲ್ಲೇ ಕಾದಿತ್ತು. ಒಳಗೆ ಆಲೆಮನೆಯ ಆಸಾಮಿ.

“ಮೊದ್ಲು ಇದನ್ನ ತಕಂಡೋಗು” ಎಂದಳು ಅತ್ತೆ.

“ಒಂಟಿ ಜೀವ ಕಣಕ್ಕ. ಬೇಜಾರಾಗಕಿಲ್ವಾ ಅದ್ಕೆ?”

“ಅದು ಬಂದು ನಿನ್ ತಾವ ಯೋಳ್ತಾ, ಬೇಜಾರು ಅಂತ? ಅದನ್ನ ನೋಡಿ ನಿಂಗೆ ಬೇಜಾರು. ಬೇಜಾರು ನಿಂದು, ಜೊತೆ ಅದ್ಕ್ಯಾಕ್ಲಾ?”

ಮದ್ದೂರಿನ ಮಾತು ಎತ್ತಲು ಬಾಯಿ ತೆರೆದ ಅಪ್ಪ ಅತ್ತೆಯ ಮುಖ ನೋಡಿ ಮುಚ್ಚಿಕೊಂಡ. ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದ. ಮಾರನೆಯ ಬೆಳಗ್ಗೆ ಒಲೆಯ ಪಕ್ಕ ಕೆಂಚ ಕೂತಿದ್ದ, ಹರಿದ ಕಿವಿಯೊಂದಿಗೆ. ಅತ್ತೆ ಮುದ್ದಿಸಲಿಲ್ಲ, ಮಾತಾಡಿಸಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ಒಲೆಯ ಪಕ್ಕ ಇಟ್ಟಳು.

ಜೊತೆ ಬೇಕೆನ್ನುವ ಬೆಕ್ಕುಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಸೂಲಿನ ಮರಿಗಳು ದೊಡ್ಡವಾದರೂ ಒಂದರ ಮೇಲೊಂದು ಬಿದ್ದು ಮಲಗುವುದನ್ನು ನೋಡಿದ್ದೇನೆ. ಅವನ್ನು ಅಗಲಿಸುವುದು ಪಾಪ. ಆದರೆ ಕಿಟಕಿಯ ಬಿಸಿಲು, ನನ್ನ ಉತ್ತರಪತ್ರಿಕೆಗಳ ಕಟ್ಟು, ಸಂಜೆ ನನ್ನ ಗೇಟಿನ ಸದ್ದು, ಇಷ್ಟರಲ್ಲೇ ತುಂಬಿಕೊಂಡಿರುವ ಬೆಕ್ಕನ್ನು ಪಾಪ ಎನ್ನಲು ನೀವು ಯಾರು? ಎರಡಿದ್ದರೇ ಲೆಕ್ಕ ಎನ್ನುವವರಿಗೆ ಗಣಿತದ ಮೇಷ್ಟರಾಗಿ ಹೇಳುತ್ತೇನೆ: ಒಂದು ಎಂಬುದು ಬರೀ ಎರಡರ ಅರ್ಧವಲ್ಲ ಸ್ವಾಮಿ, ಅದೊಂದು ಪೂರ್ತಿ ಸಂಖ್ಯೆ. ಇಷ್ಟು ತಿಳಿದ ನಾನೇ ಅಕ್ಕ ಹೇಳಿದಳೆಂದು ನಿನ್ನೆ ಒಂದೇ ತಟ್ಟೆ ಇಟ್ಟೆ. ಅಪ್ಪನ ಮಗನಲ್ಲವೇ.

ಈಗ ಸಂಜೆ ಅಕ್ಕನ ಫೋನು ಬಂತು. “ಒಂದ್ಕಂಡ್ವೇನ್ಲಾ?”

“ಇಲ್ಲ ಕಣಕ್ಕ. ನಾಳಿಕೆ ಸ್ಕೂಲು ಮುಗಿಸ್ಕಂಡು ಮರಿ ತಕಂಡು ಬತ್ತೀನಿ. ನಿನ್ ಮೊಮ್ಮಗಳು ಕೇಳ್ತಿದ್ಲಲ್ಲ, ಅವಳಿಗೇ ಕೊಡು.”

“ಸರಿ ಬುಡು. ಭಾನ್ವಾರ ಮಳವಳ್ಳಿಗೆ ಎಷ್ಟೊತ್ತಿಗೆ ಒಂಡಣ?”

ನೋಡಣ ಬುಡಕ್ಕ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಬೀರುವಿನ ಮೇಲಿಂದ ಸಿಂಗಾರಿ ನೋಡುತ್ತಿದ್ದಳು.

“ಒಂಡದು ಬ್ಯಾಡ ಕಣಕ್ಕ. ಆಯಮ್ಮಂಗೂ ಇವತ್ತೇ ಯೋಳ್ಬುಡು, ಕಾಯಿಸ್ಬ್ಯಾಡ. ನಂಗೆ ಹೆಣ್ಣು ಸಿಗ್ಲಿಲ್ಲ ಅಂತಲ್ಲ. ನಂಗೆ ಬೇಕಿರ್ಲಿಲ್ಲ. ಈಗ್ಲೂ ಬ್ಯಾಡ.”

ಅಕ್ಕ, “ಇದನ್ನ ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ?” ಎಂದಳು. ಕೋಪವೋ ಅಳುವೋ ತಿಳಿಯಲಿಲ್ಲ. ಫೋನು ಇಟ್ಟಳು.

ನಾನು ಮರಿಯನ್ನು ಬುಟ್ಟಿಗೆ ಹಾಕಿ, ಆ ತಟ್ಟೆಯನ್ನೂ ಅದರ ಜೊತೆಗೇ ಇಟ್ಟು, ಹಳೇ ಪಂಚೆ ಹೊದಿಸಿ ಹಿಂದಿನ ಕೋಣೆಯಲ್ಲಿ ಬಿಟ್ಟು ಬಂದೆ. ಒಲೆಯ ಮೇಲೆ ಒಂದು ಲೋಟ ಕಾಫಿಗೆ ಹಾಲಿಟ್ಟೆ. ಕುದಿಯುವಷ್ಟರಲ್ಲಿ ಬೀರುವಿನ ಮೇಲಿಂದ ದೊಪ್ಪನೆ ಸದ್ದಾಯಿತು.