ಎಂಟಾಣೆಯ ಅಳಿಯ

ಸೋಮವಾರಪೇಟೆಯ ಒಂದು ಜವಳಿ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆಕಾಶ ನೋಡುವ ಅಭ್ಯಾಸ. ಕಾಫಿ ಬೆಳೆಯುವ ಸೀಮೆಯಲ್ಲಿ ಇದೊಂದು ಅನುಕೂಲ; ಇಲ್ಲಿ ತಲೆಯೆತ್ತಿ ಮೋಡ ನೋಡುತ್ತ ನಡೆಯುವವನನ್ನು ಯಾರೂ ಅನುಮಾನಿಸುವುದಿಲ್ಲ, ಬದಲಿಗೆ ಬಲು ಜವಾಬ್ದಾರಿಯ ತೋಟಗಾರನೆಂದು ಗೌರವಿಸುತ್ತಾರೆ. ಮಳೆಗಾಲದಲ್ಲಿ ಅಷ್ಟು ಶ್ರಮವೂ ಬೇಡ. ಕೊಡೆಯನ್ನು ಅಂಗಡಿಯ ದಿಕ್ಕಿಗೆ ತುಸು ಓರೆ ಮಾಡಿಕೊಂಡರೆ ಸಾಲಗಾರನಿಗೂ ಸಜ್ಜನನಿಗೂ ಭೇದವೇ ಉಳಿಯುವುದಿಲ್ಲ. ಕಷ್ಟವೆಲ್ಲ ಬಿಸಿಲುಕಾಲದ್ದು.

ಆ ಅಂಗಡಿಯ ಶೆಟ್ಟರಿಗೆ ನಾನು ಸಾಲಗಾರನಾದದ್ದು ದಾರಿದ್ರ್ಯದಿಂದಲ್ಲ, ಠೀವಿಯಿಂದ. ಮಾದಾಪುರದ ಬಳಿಯ ನನ್ನ ತೋಟ ದೊಡ್ಡದೇನಲ್ಲ. ಆದರೆ ನಮ್ಮ ಕಡೆ ಪಿಕ್ಕಿಂಗ್, ಅಂದರೆ ಹಣ್ಣಿನ ಕೊಯ್ಲು, ಮುಗಿದು ಕಾಫಿಯ ಹಣ ಕಂತುಕಂತಾಗಿ ಕೈಸೇರುವವರೆಗೆ ಅಂಗಡಿಯಲ್ಲಿ ಬರೆಸಿ ತರುವುದು ರೂಢಿ, ಬರೆಸುವಾಗ ಬೆಲೆ ವಿಚಾರಿಸುವುದು ತೋಟಗಾರನ ಘನತೆಗೆ ಕುಂದು. ಹೀಗೆ ಬೆಲೆ ಕೇಳದ ಘನತೆಯಿಂದಲೇ ಒಂದು ಉಣ್ಣೆಯ ಕೋಟು, ಎರಡು ಶಾಲು, ಹೆಂಡತಿ ಪಾರ್ವತಿ ಬೇಡವೆಂದರೂ ಅವಳಿಗೊಂದು ರೇಷ್ಮೆ ಸೀರೆ, ಎಂದೂ ಬಾರದ ಅತಿಥಿಗಳಿಗಾಗಿ ಹಾಸಿಗೆಯ ವಸ್ತ್ರಗಳು ನಮ್ಮ ಮನೆಗೆ ಬಂದವು. ಎರಡು ವರ್ಷ ಬೋರರ್ ಹುಳು ಗಿಡ ಕೊರೆಯಿತು, ಅಸಲಿನ ಮೇಲೆ ಬಡ್ಡಿ ಕೂತಿತು. ಶೆಟ್ಟರು ಮೊದಮೊದಲು ಕ್ಷೇಮಸಮಾಚಾರ ಕೇಳಿ ಕಳಿಸಿದರು, ಆಮೇಲೆ ಕ್ಷೇಮವನ್ನು ಬಿಟ್ಟು ಸಮಾಚಾರವನ್ನಷ್ಟೇ ಕೇಳಿದರು, ಕೊನೆಗೆ ಮಡಿಕೇರಿಯ ಕೋರ್ಟಿನಲ್ಲಿ ದಾವಾ ಹೂಡುವುದಾಗಿ ಹೇಳಿ ಕಳಿಸಿದರು.

ನನಗೆ ತಿಳಿಯದಂತೆ ಪಾರ್ವತಿ ತವರಿಗೆ ಸುದ್ದಿ ಮುಟ್ಟಿಸಿದಳು. ಕೊಡ್ಲಿಪೇಟೆಯಿಂದ ನನ್ನ ಮಾವ ಮಲ್ಲಪ್ಪನವರು ಬಂದರು. ಆ ವರ್ಷದ ಏಲಕ್ಕಿ ಮಾರಿದ ಹಣವೆಲ್ಲ ಅವರ ಒಳಜೇಬಿನಲ್ಲಿತ್ತು, ಅದು ನನ್ನ ಬಾಕಿಯ ಸರಿಯಾಗಿ ಅರ್ಧ. ಅಷ್ಟಕ್ಕೇ ಶೆಟ್ಟರನ್ನು ಒಪ್ಪಿಸಿ ಲೆಕ್ಕ ಚುಕ್ತಾ ಮಾಡಿಸುವುದು ಅವರ ಯೋಜನೆ. ಹೊರಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೋಟು ಮನೇಲಿರಲಿ, ಅಳಿಯಂದಿರೇ" ಎಂದರು. ಆ ಕೋಟಿನ ಹಣವನ್ನೇ ಕಡಿಮೆ ಮಾಡಿಸಲು ಹೊರಟಿದ್ದೇವೆಂಬುದು ನನಗೆ ಆಗ ಹೊಳೆಯಿತು.

ಸರ್ಕಾರ ನಯಾಪೈಸೆ ತಂದು ಕೆಲವು ವರ್ಷಗಳಾಗಿದ್ದರೂ ರಾಜಿಯ ಮಾತು ಇನ್ನೂ ಆಣೆಯಲ್ಲೇ ನಡೆಯುತ್ತಿತ್ತು. ಅಂಗಡಿಯಲ್ಲಿ ಕುಳಿತ ಮೇಲೆ ಶೆಟ್ಟರು ಬಾಕಿಯ ರೂಪಾಯಿಗೆ ಹದಿನಾಲ್ಕಾಣೆಯಿಂದ ಶುರುಮಾಡಿದರು. ಮಾವ ಹಣದ ಮಾತೇ ಎತ್ತಲಿಲ್ಲ, ನನ್ನ ಮಾತೆತ್ತಿದರು.

"ಇವರನ್ನ ನಂಬಿ ಇಷ್ಟು ಕೊಟ್ಟಿದ್ದು ನಿಮ್ಮದೂ ತಪ್ಪೇ, ಶೆಟ್ರೇ. ತೋಟಕ್ಕೆ ಹೋದ್ರೂ ಪುಸ್ತಕ ಹಿಡ್ಕಂಡು ಹೋಗ್ತಾರೆ. ಆಳುಗಳಿಗೆ ಗದರೋಕೆ ಬರಲ್ಲ, ಹಾಜರಿ ಬರೆಯೋ ರೈಟರ್ ಹೇಳಿದ್ದೇ ಲೆಕ್ಕ."

ಶೆಟ್ಟರು ಮರುಕದಿಂದ ನನ್ನನ್ನು ನೋಡಿ ಹನ್ನೆರಡಾಣೆಗೆ ಇಳಿದರು. ಮಾವ ನನ್ನ ಆಲಸ್ಯವನ್ನು ವರ್ಣಿಸಿದರು, ಹನ್ನೊಂದಾಯಿತು. ಮದುವೆಗೆ ಮುಂಚೆ ಸರಿಯಾಗಿ ವಿಚಾರಿಸದೆ ಮೋಸಹೋದೆವೆಂದು ನಿಟ್ಟುಸಿರುಬಿಟ್ಟರು, ಹತ್ತಾಯಿತು. ಓದುಗರೇ, ನನ್ನ ಅವಸ್ಥೆಯನ್ನು ಊಹಿಸಿ. ಸಾಲ ಇಳಿಯಬೇಕಾದರೆ ನಾನು ಇಳಿಯಬೇಕು. ಒಳಗೊಳಗೇ ಒಂದು ಮನಸ್ಸು ಇನ್ನಷ್ಟು ಬಯ್ಯಿರಿ ಎನ್ನುತ್ತಿತ್ತು, ಇನ್ನೊಂದು ಮನಸ್ಸು ಯಾರಾದರೂ ನನ್ನ ಪರವಾಗಿ ಒಂದು ಮಾತಾಡಬಾರದೇ ಎಂದು ಅಂಗಡಿಯ ಬಟ್ಟೆಯ ಥಾನುಗಳ ಕಡೆಗೂ ಆಸೆಯಿಂದ ನೋಡುತ್ತಿತ್ತು. ಮಾವನ ಮಾತಿನಲ್ಲಿ ಅಭಿನಯ ಎಷ್ಟು, ಅಭಿಪ್ರಾಯ ಎಷ್ಟು ಎಂಬುದೂ ತಿಳಿಯಲಿಲ್ಲ.

ಶೆಟ್ಟರು ಎಂಟಾಣೆಗೆ, ಅಂದರೆ ಸರಿಯಾಗಿ ಅರ್ಧಕ್ಕೆ, ಬಂದರು. ಮಾವ ಒಳಜೇಬಿಗೆ ಕೈಹಾಕಿದರು. ವೀಳ್ಯದ ತಟ್ಟೆ ಮುಂದೆ ಬಂತು. ಅದರಿಂದ ಎಲೆಯಡಿಕೆ ತೆಗೆದುಕೊಂಡರೆ ಮಾತು ಮುಗಿದಂತೆ. ತಟ್ಟೆಯನ್ನು ನನ್ನ ಕಡೆ ಸರಿಸುತ್ತ ಶೆಟ್ಟರು ಸಮಾಧಾನಕ್ಕೆಂದು ಹೇಳಿದರು:

"ಹೋಗ್ಲಿ ಬಿಡಿ. ಈ ಸಲಾನೂ ನಿಮ್ಮ ತೋಟದಲ್ಲಿ ಹೂವು ಸರಿಯಾಗಿ ನಿಲ್ಲಲಿಲ್ಲವಂತೆ, ಪಾಪ."

ನನ್ನನ್ನು ಸೋಮಾರಿ ಎಂದಿದ್ದರು, ಸಹಿಸಿದ್ದೆ. ಆದರೆ ಕಾಫಿಗೆ ಹೂವೆಂದರೆ ಫಸಲೇ; ಅದರ ಮಾತು ಬಂದರೆ ತೋಟಗಾರನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. "ಯಾರು ಹೇಳಿದ್ದು ನಿಮಗೆ?" ಎಂದು ಎದ್ದೇ ನಿಂತೆ. ಮೊಗ್ಗು ಅರಳಿಸುವ ಹೂಮಳೆ ಹೇಗೆ ಹದವಾಗಿ ಬಿತ್ತು, ರೆಂಬೆರೆಂಬೆಯೂ ಹೇಗೆ ಬೆಳ್ಳಗಾಯಿತು, ಅದರ ಬೆನ್ನಿಗೆ ಬೇಕಾದ ಎರಡನೆಯ ಮಳೆಯೂ ಹೇಗೆ ತಪ್ಪದೆ ಬಂತು, ಪಕ್ಕದ ದೊಡ್ಡ ಎಸ್ಟೇಟಿನವರೇ ನಿಂತು ನೋಡಿ ಹೋದದ್ದು, ಎಲ್ಲವನ್ನೂ ಹೇಳಿದೆ. ಇಂಥ ಫಸಲು ನಮ್ಮಪ್ಪನ ಕಾಲದಲ್ಲೂ ಕಂಡಿಲ್ಲವೆಂದೆ.

ಶೆಟ್ಟರು ಸಂತೋಷದಿಂದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ದೇವರು ದೊಡ್ಡವನು. ಹಂಗಾದ್ರೆ ಈಗ ಅರ್ಧ ಇರಲಿ, ಪಿಕ್ಕಿಂಗ್ ಆದ್ಮೇಲೆ ಉಳಿದರ್ಧ" ಎಂದರು. ಮಾವ ಏಲಕ್ಕಿಯ ಹಣವನ್ನು ಎಣಿಸಿಕೊಟ್ಟರು. ಅವರ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಬಸ್ಸಿನಲ್ಲಿ ಮಾದಾಪುರದವರೆಗೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವ ಹೊತ್ತಿಗೆ ಮಾತ್ರ, "ಅಲ್ಲಿ ಅಂದಿದ್ದನ್ನೆಲ್ಲ ಮನಸ್ಸಿಗೆ ಹಚ್ಕೋಬ್ಯಾಡಿ" ಎಂದರು. ಅದೆಲ್ಲ ಸುಳ್ಳು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯೋಚಿಸಿದರೆ ನನಗೆ ನಾಚಿಕೆಯಾಗುವುದು ಸಾಲ ಮಾಡಿದ್ದಕ್ಕಲ್ಲ. ಸಾಲ ಮನ್ನಾ ಆಗಬೇಕು, ಮಾನ ಮಾತ್ರ ಹದಿನಾರಾಣೆಯೂ ಉಳಿಯಬೇಕು ಎಂದು ಬಯಸಿದೆನಲ್ಲ, ಆ ದುರಾಸೆಗೆ. ಅದರ ಬೆಲೆಯನ್ನು ಆ ಹಿರಿಯರು ತೆತ್ತರು.

ಮನೆಯ ಬಾಗಿಲಲ್ಲಿ ಪಾರ್ವತಿ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಏನಾಯಿತೆಂಬಂತೆ ತಂದೆಯ ಮುಖವನ್ನೇ ನೋಡಿದಳು. ಮಾವ ಕಾಲು ತೊಳೆಯುತ್ತ ನಿಧಾನವಾಗಿ ಹೇಳಿದರು:

"ಶೆಟ್ರು ಅರ್ಧಕ್ಕೇ ಒಪ್ಪಿದ್ರು ಕಣವ್ವ. ನಿನ್ನ ಗಂಡನೇ ಬೇಡ ಅಂದ್ರು, ಫಸಲು ಬಂದ್ಮೇಲೆ ಪೂರ್ತಿ ಕೊಡ್ತೀನಿ ಅಂದ್ರು. ಇನ್ನೊಬ್ಬರ ದುಡ್ಡು ಮುಳುಗಿಸೋ ಜನ ಅಲ್ಲ ಅವರು."

ಅವಳು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಮದುವೆಯಾದಂದಿನಿಂದ ನಾನು ಕಂಡಿರಲಿಲ್ಲ. ಊಟಕ್ಕೆ ಕುಳಿತಾಗ ಹೆತ್ತ ತಂದೆಗಿಂತ ಮೊದಲು ನನ್ನ ಎಲೆಗೆ ಬಡಿಸಿದಳು, ಕೇಳದಿದ್ದರೂ ಮತ್ತೊಮ್ಮೆ ತುಪ್ಪ ಹಾಕಿದಳು. ನಾನು ತಲೆ ತಗ್ಗಿಸಿ ಉಂಡೆ. ಅದನ್ನು ಅವಳು ವಿನಯವೆಂದು ತಿಳಿದಳು.